ಗಾಜಿನ ಕೊಳವೆಯಲ್ಲಿ ನಾರಿನ ಹಲಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರದ ಬೈತಖೋಲ ಬಂದರಿನಲ್ಲಿ ಆ ಎರಡು ತಿಂಗಳು ಬೋಟುಗಳ ದುರಸ್ತಿಯದೇ ಗದ್ದಲ. ಅಂಥ ಒಂದು ಮಳೆಗಾಲದಲ್ಲಿ ಪರಿಚಯದ ಬೋಟ್ ಮಾಲೀಕರೊಬ್ಬರು ನಮ್ಮ ಪ್ರಯೋಗಾಲಯಕ್ಕೆ ಎರಡು ವಸ್ತುಗಳನ್ನು ತಂದುಕೊಟ್ಟರು. ಒಂದು, ಬೋಟಿನ ಮೈಯಿಂದ ಕತ್ತರಿಸಿ ತೆಗೆದ ಫೈಬರ್ ತುಂಡು, ಅಂದರೆ ಗಾಜಿನ ಎಳೆಗಳನ್ನು ರೆಸಿನ್ ಎಂಬ ಅಂಟಿನಲ್ಲಿ ಗಟ್ಟಿಮಾಡಿದ್ದು. ಇನ್ನೊಂದು, ಇಂಜಿನ್ ಕೋಣೆಯ ಗೋಡೆಗೆ ಒಳಹೊದಿಕೆಯಾಗಿ ಹಾಕಿಸಬೇಕೆಂದು ಅವರು ಯೋಚಿಸಿದ್ದ ತೆಂಗಿನ ನಾರಿನ ಹಲಗೆ. "ಬೆಂಕಿ ಬಿದ್ದರೆ ಬಾಗಿಲು ಜಡಿದು ಗಾಳಿ ನಿಲ್ಲಿಸ್ತೇವೆ ಮಾಸ್ತರ್ರೆ, ಆಗ ಇವೆರಡರಲ್ಲಿ ಯಾವುದು ಬೇಗ ಆರ್ತದೆ, ಅಷ್ಟು ಹೇಳಿ" ಎಂದರು.

ಆಮ್ಲಜನಕ ಸೂಚ್ಯಂಕದ ಪರೀಕ್ಷೆ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಕೇಳುತ್ತದೆ. ಅಮೆರಿಕದ ಫೆನಿಮೋರ್ ಮತ್ತು ಮಾರ್ಟಿನ್ 1966ರಲ್ಲಿ ಪ್ರಕಟಿಸಿದ ವಿಧಾನವಿದು. ನಿಲ್ಲಿಸಿದ ಗಾಜಿನ ಕೊಳವೆಯ ತಳದಿಂದ ಆಮ್ಲಜನಕ ಮತ್ತು ಸಾರಜನಕದ ಮಿಶ್ರಣವನ್ನು ಸೆಕೆಂಡಿಗೆ 40 ಮಿಲಿಮೀಟರ್ ವೇಗದಲ್ಲಿ ಮೇಲಕ್ಕೆ ಹರಿಸಿ, ನಡುವೆ ನೆಟ್ಟಗೆ ನಿಲ್ಲಿಸಿದ ಪಟ್ಟಿಯ ತುದಿಗೆ ಪ್ರೊಪೇನ್ ಜ್ವಾಲೆ ತಾಗಿಸಬೇಕು. ಮೇಲಿನಿಂದ ಕೆಳಕ್ಕೆ ಇಳಿಯುವ ಉರಿ 180 ಸೆಕೆಂಡು ಬಾಳಿದರೆ ಅಥವಾ 50 ಮಿಲಿಮೀಟರ್ ಇಳಿದರೆ ಆಮ್ಲಜನಕವನ್ನು ತಗ್ಗಿಸುವುದು, ಅದಕ್ಕೆ ಮೊದಲೇ ಆರಿದರೆ ಏರಿಸುವುದು. ಹೀಗೆ ಏರಿಳಿಸುತ್ತ ಉರಿ ಬದುಕಬಲ್ಲ ಅತಿ ಕಡಿಮೆ ಆಮ್ಲಜನಕದ ಪ್ರಮಾಣವನ್ನು ಹಿಡಿಯಬೇಕು, ಅದೇ ಆ ವಸ್ತುವಿನ ಸೂಚ್ಯಂಕ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದ್ದರೆ, ಬಲೆ ಹಗ್ಗಗಳ ಪಾಲಿಎಥಿಲೀನ್‌ಗೆ ಶೇ. 17-18 ಸಾಕು, ಟೆಫ್ಲಾನ್‌ಗೆ ಮಾತ್ರ ಶೇ. 95ರಷ್ಟು ಬೇಕು.

ಪರೀಕ್ಷೆಗೆ ಮೊದಲು ತುಂಡುಗಳನ್ನು 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 50ರ ಆರ್ದ್ರತೆಯಲ್ಲಿ ಕನಿಷ್ಠ 88 ಗಂಟೆ ಇಡಬೇಕೆಂಬ ನಿಯಮವನ್ನು ಬರೆದವರು ಕಾರವಾರದ ಆಷಾಢವನ್ನು ಕಂಡಿರಲಿಕ್ಕಿಲ್ಲ. ನಾರು ಹೊರಗಿನ ತೇವವನ್ನೆಲ್ಲ ಹೀರಿಕೊಳ್ಳುತ್ತದೆಂದು, ಮುಚ್ಚಿದ ಪೆಟ್ಟಿಗೆಯಿಂದ ಒಂದೊಂದೇ ಪಟ್ಟಿಯನ್ನು ತೆಗೆದು ಕೂಡಲೇ ಕೊಳವೆಗೆ ಇಳಿಸುತ್ತಿದ್ದೆವು.

ಫೈಬರಿನದು ನೇರ ನಡವಳಿಕೆ. ಅಗ್ನಿನಿರೋಧಕ ಬೆರೆಸದ ಪಾಲಿಯೆಸ್ಟರ್ ರೆಸಿನ್ ಸಾಮಾನ್ಯವಾಗಿ ಶೇ. 20ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಇದೂ ಅಲ್ಲೇ ನಿಂತಿತು. ಕಪ್ಪು ಹೊಗೆ ಕಾರುತ್ತ ಉರಿದು, ಆಮ್ಲಜನಕ ತಗ್ಗಿದಾಗ ಸಟ್ಟನೆ ಆರಿ, ಗಾಜಿನ ಎಳೆಗಳನ್ನಷ್ಟೇ ಉಳಿಸಿತು.

ನಾರಿನ ಹಲಗೆ ಹಾಗಲ್ಲ. ಅದರ ಜ್ವಾಲೆಯೂ ಆರಿತು, ನಾನು ಗಡಿಯಾರವನ್ನೂ ನಿಲ್ಲಿಸಿದೆ. ಆದರೆ ತುದಿಯ ಕರಿಯ ಅಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಉಳಿದಿತ್ತು. ಬಿಳಿ ಹೊಗೆಯ ಎಳೆಯೊಂದನ್ನು ಬಿಡುತ್ತ, ಒಂದು ಬದಿಯಲ್ಲಿ ತುಸು ಮುಂದಾಗಿ, ಅದು ಕೆಳಗಿಳಿಯತೊಡಗಿತು. ಆಮ್ಲಜನಕವನ್ನು ಇನ್ನೂ ತಗ್ಗಿಸಿದರೆ ಮಂಕಾಯಿತೇ ಹೊರತು ಸಾಯಲಿಲ್ಲ. ಬೀಡಿ ಹಚ್ಚಿಕೊಳ್ಳಲು ಗೂಡಂಗಡಿಯ ಕಂಬಕ್ಕೆ ನಾರಿನ ಹಗ್ಗ ತೂಗಹಾಕುತ್ತಿದ್ದ ಕಾಲವನ್ನು ಕಂಡ ನಮ್ಮೂರಿನವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಜ್ವಾಲೆಗೆ ಸಾಲದ ಆಮ್ಲಜನಕದಲ್ಲಿ ಕೆಂಡ ಬದುಕುತ್ತದೆ, ಅಪೂರ್ಣವಾಗಿ ಸುಡುತ್ತ ಕಾರ್ಬನ್ ಮೊನಾಕ್ಸೈಡನ್ನೂ ಬಿಡುತ್ತದೆ.

ಅಂಕಿಯನ್ನಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ. ವಿಧಾನದ ಪ್ರಕಾರ ಕೆಂಡವನ್ನು ಷರಾದಲ್ಲಿ ನಮೂದಿಸಬೇಕು, ಸೂಚ್ಯಂಕ ಮಾತ್ರ ಜ್ವಾಲೆಯ ಲೆಕ್ಕದ್ದೇ. ಇದರ ಫಲಿತಾಂಶದಿಂದ ನಿಜವಾದ ಬೆಂಕಿಯ ಅಪಾಯವನ್ನು ಅಳೆಯಕೂಡದೆಂದು ಈ ಪರೀಕ್ಷೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 4589 ತಾನೇ ಎಚ್ಚರಿಸುತ್ತದೆ. ಪರೀಕ್ಷೆ ನಡೆಯುವುದು ಕೋಣೆಯ ಉಷ್ಣತೆಯಲ್ಲಿ. ವಸ್ತು ಬಿಸಿಯಾದಷ್ಟೂ ಉರಿಯಲು ಬೇಕಾಗುವ ಆಮ್ಲಜನಕ ಇಳಿಯುತ್ತದೆ. ಹಾಗಿರುವಾಗ ಗಂಟೆಗಟ್ಟಲೆ ಓಡಿದ ಇಂಜಿನ್ನಿನ ಪಕ್ಕದಲ್ಲಿ, ಡೀಸೆಲ್ ಕುಡಿದ ಹಲಗೆಗೆ ನಮ್ಮ ಅಂಕಿಯನ್ನು ಅನ್ವಯಿಸುವುದು ಸಲ್ಲದೆಂದೇ ನನ್ನ ಅಭಿಪ್ರಾಯ.

ವರದಿಯಲ್ಲಿ ಅಂಕಿಗಿಂತ ಷರಾ ಉದ್ದವಾಯಿತು. ಮಾಲೀಕರು ಓದಿ, ನಾರಿನ ಹಲಗೆಯ ಯೋಚನೆ ಬಿಟ್ಟು, ಕಲ್ಲು ಕರಗಿಸಿ ಎಳೆ ತೆಗೆದ ರಾಕ್‌ವೂಲ್ ಹಾಕಿಸುವುದಾಗಿ ಹೇಳಿದರು. ಆಮೇಲೆ ಮತ್ತೊಂದು ಪ್ರಶ್ನೆ: "ಬಾಗಿಲು ಮುಚ್ಚಿದ ಮೇಲೆ ಎಷ್ಟು ಹೊತ್ತಿಗೆ ತೆಗೆಯಬಹುದು?" ಅದನ್ನು ಈ ಕೊಳವೆ ಹೇಳಲಾರದು, ಹೊರಗಿನ ತಗಡು ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ, ಅವಸರದಲ್ಲಿ ತೆರೆದರೆ ನುಗ್ಗುವ ಗಾಳಿಗೆ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ, ತೆರೆದ ಮೇಲೂ ವಿಷಗಾಳಿ ಹೋಗುವ ಮುನ್ನ ಯಾರನ್ನೂ ಒಳಗೆ ಇಳಿಸಬೇಡಿ ಎಂದೆ. ಅವರು ಅದನ್ನೂ ವರದಿಯಲ್ಲೇ ಬರೆದುಕೊಡಿ, ಹುಡುಗರು ಬಾಯಿಮಾತು ಕೇಳುವುದಿಲ್ಲ ಎಂದು ಕಾದು ಕುಳಿತರು.