ವಾನರ ತಾಯಂದಿರ ಕೌದಿ: ಮೂರು ಚೌಕ ಮುಗಿದವು

ಮೊಮ್ಮಗಳಿಗೆ ಅಂತ ಹೊಲಿಯುತ್ತಿರುವ ಕೌದಿಯಲ್ಲಿ ಒರಾಂಗುಟಾನ್, ಚಿಂಪಾಂಜಿ, ಗೊರಿಲ್ಲಾ ಚೌಕಗಳು ಮುಗಿದಿವೆ. ಚಿಂಪಾಂಜಿಯ ಹತ್ತಿರದ ಬಂಧು ಬೊನೊಬೊ ಮತ್ತು ಗಿಬ್ಬನ್‌ಗಳಲ್ಲೇ ದೊಡ್ಡದಾದ ಸಿಯಾಮಾಂಗ್ ಬಾಕಿ. ಐದೂ ಬಾಲವಿಲ್ಲದ ವಾನರಗಳು, ಐದರಲ್ಲೂ ಒಂದೊಂದು ಮರಿ. ಒಳಗೆ ಮನೆಯ ಹಳೆಯ ಇಳಕಲ್ ಸೀರೆಗಳ ಪದರ, ಮೇಲೆ ಚಿತ್ರದ ತ್ಯಾಪಿ. ಕಂದು, ಕಪ್ಪು ಬಣ್ಣದ ಕಾಟನ್ ತುಂಡುಗಳು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಿಕ್ಕವು.

ಸುಮ್ನೆ ಮುದ್ದಾದ ಚಿತ್ರ ಹೊಲಿದರೆ ಸಾಲದು. ಪ್ರತಿ ಚೌಕದಲ್ಲೂ ತಾಯಿಯ ಅಕ್ಕಪಕ್ಕ ಯಾರಿದ್ದಾರೆ ಅನ್ನೋದು ಕಾಣಬೇಕು. ತಾಯಿ ಮರಿಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ ಅನ್ನೋದು ಅವಳ ಮಮತೆ ಎಷ್ಟು ಅಂತ ಹೇಳುವುದಿಲ್ಲ. ಅವಳು ಯಾರನ್ನು ನಂಬಬಹುದು ಅಂತ ಹೇಳುತ್ತದೆ. ಓದಿದಷ್ಟೂ ನನಗೆ ಹೀಗೇ ಅನ್ನಿಸುತ್ತಿದೆ.

ಮೊದಲು ಒರಾಂಗುಟಾನ್ ಚೌಕ. ಬೋರ್ನಿಯೊ, ಸುಮಾತ್ರಾ ಕಾಡುಗಳ ಈ ತಾಯಿಗೆ ಹಿಂಡು ಇಲ್ಲ, ಗಂಡಿನ ಆಸರೆಯೂ ಇಲ್ಲ. ಎಲ್ಲವನ್ನೂ ಒಬ್ಬಳೇ ಮಾಡುತ್ತಾಳೆ. ಹಾಗಾಗಿ ಒಂದು ಹೆರಿಗೆಗೂ ಇನ್ನೊಂದಕ್ಕೂ ಏಳೆಂಟು ವರ್ಷಗಳ ಅಂತರ. 2017ರಲ್ಲಿ ಒರಾಂಗುಟಾನ್ ಹಲ್ಲುಗಳ ಒಂದು ಅಧ್ಯಯನ ಬಂತು. ತಾಯಿಹಾಲಿನಲ್ಲಿರುವ ಬೇರಿಯಂ, ಹಲ್ಲು ಬೆಳೆಯುವಾಗ ಅದರ ಪದರಗಳಲ್ಲಿ ಸೇರಿಕೊಳ್ಳುತ್ತದೆ. ಆ ಪದರಗಳನ್ನು ನೋಡಿದಾಗ ಎಂಟು ವರ್ಷ ದಾಟಿದ ಮರಿಯೂ ಹಾಲು ಕುಡಿದಿದ್ದು ಗೊತ್ತಾಯಿತು. ಬೇರಿಯಂ ಪ್ರಮಾಣ ಒಮ್ಮೆ ಏರಿ ಒಮ್ಮೆ ಇಳಿದಿತ್ತು. ಕಾಡಿನಲ್ಲಿ ಹಣ್ಣು ಕಡಿಮೆಯಾದಾಗ ಮರಿ ಮತ್ತೆ ತಾಯಿಯ ಹಾಲಿಗೆ ಬರುತ್ತಿತ್ತು ಅಂತ ಸಂಶೋಧಕರು ಇದನ್ನು ವಿವರಿಸಿದರು.

ಕೊಂಬೆಗಳು ದೂರವಿದ್ದಾಗ ಈ ತಾಯಿ ಈಚೆ ಮರವನ್ನು ಒಂದು ಕೈಯಲ್ಲಿ, ಆಚೆ ಮರವನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಮರಿ ಅವಳ ಮೈಮೇಲೆ ನಡೆದು ದಾಟುತ್ತದೆ. ನಾನು ಹೊಲಿದಿದ್ದು ಇದನ್ನೇ. ಕೈಗಳು ಚೌಕದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಚಾಚಿವೆ. ಮೈಕೂದಲಿಗೆ ಸೀರೆಯ ಸೆರಗಿನ ಕೆಂಪು ಎಳೆಗಳನ್ನೇ ಬಿಚ್ಚಿ, ಒಂದು ತುದಿ ಮಾತ್ರ ಹೊಲಿದು ಇಳಿಬಿಟ್ಟಿದ್ದೇನೆ. ಕೈಯಾಡಿಸಿದರೆ ಎಳೆಗಳು ಸರಿದಾಡುತ್ತವೆ. ಮೊಮ್ಮಗಳು ಹಿಡಿದು ಎಳೆಯುವುದು ಖಂಡಿತ, ಅದಕ್ಕೇ ಬುಡಕ್ಕೆ ಎರಡು ಸಲ ಹೊಲಿಗೆ ಹಾಕಿದೆ.

ಚಿಂಪಾಂಜಿ ಚೌಕಕ್ಕೆ ಜಾಸ್ತಿ ದಿನ ಹಿಡಿಯಿತು. ಮರಿ ಮೊದಲ ತಿಂಗಳುಗಳಲ್ಲಿ ತಾಯಿಯ ಹೊಟ್ಟೆಗೆ ಅಂಟಿಕೊಂಡಿರುತ್ತದೆ, ಆಮೇಲೆ ಬೆನ್ನೇರುತ್ತದೆ. ಚಿಕ್ಕದಿದ್ದಾಗ ಹಿಂಭಾಗದಲ್ಲಿ ಬಿಳಿ ಕೂದಲಿನ ಕುಚ್ಚು ಇರುತ್ತದೆ, ಅದಕ್ಕೆ ಅರಳೆ ಇಟ್ಟು ಹೊಲಿದೆ. ಹೊಸ ತಾಯಿ ಮರಿಯನ್ನು ಬೇರೆಯವರ ಕೈಗೆ ಸುಲಭವಾಗಿ ಕೊಡುವುದಿಲ್ಲ. ಹೆಣ್ಣುಗಳು ಸಾಮಾನ್ಯವಾಗಿ ದೊಡ್ಡವಾದ ಮೇಲೆ ಹುಟ್ಟಿದ ಗುಂಪು ಬಿಟ್ಟು ಹೋಗುತ್ತವೆ. ಅಂದರೆ ಹೆತ್ತಾಗ ಪಕ್ಕದಲ್ಲಿ ಅವ್ವನೂ ಇಲ್ಲ, ಅಕ್ಕತಂಗಿಯರೂ ಇಲ್ಲ. ಟಾಂಜಾನಿಯಾದ ಗೋಂಬೆ ಎಂಬ ಕಾಡಿನಲ್ಲಿ 1975ರ ಸುಮಾರಿಗೆ ಪ್ಯಾಶನ್ ಎಂಬ ಹೆಣ್ಣು ಚಿಂಪಾಂಜಿ ತನ್ನ ಮಗಳು ಪಾಮ್ ಜೊತೆ ಸೇರಿ ಬೇರೆ ತಾಯಂದಿರ ಮರಿಗಳನ್ನು ಕಿತ್ತುಕೊಂಡು ಕೊಂದಳು. ಅಂಥ ಕಡೆ ಮರಿಯನ್ನು ಕೈಬಿಡುವುದು ಹೇಗೆ?

ಒಂದೇ ಜಾತಿಯಲ್ಲೂ ತಾಯಂದಿರು ಬೇರೆ ಬೇರೆ. ಪ್ಯಾಶನ್ ತನ್ನ ಮಗಳ ಬಗ್ಗೆಯೇ ತಣ್ಣಗಿದ್ದವಳು. ಅದೇ ಗೋಂಬೆಯ ಫ್ಲೋ ತಾಳ್ಮೆಯ, ಮಕ್ಕಳ ಜೊತೆ ಆಡುವ ತಾಯಿ. ಅವಳ ಮಗ ಫ್ಲಿಂಟ್ ದೊಡ್ಡವನಾದರೂ ಅವಳನ್ನು ಬಿಡಲೇ ಇಲ್ಲ. 1972ರಲ್ಲಿ ಫ್ಲೋ ಸತ್ತಾಗ ಅವನಿಗೆ ಎಂಟು ವರ್ಷ. ಊಟ ಬಿಟ್ಟು ಮಂಕಾದ, ಕೆಲವೇ ವಾರಗಳಲ್ಲಿ ಅವನೂ ಹೋದ. ಇದನ್ನು ಓದಿದ ದಿನ ನನಗೆ ಸೂಜಿ ಹಿಡಿಯಲು ಮನಸ್ಸಾಗಲಿಲ್ಲ.

ಗೊರಿಲ್ಲಾ ಚೌಕದಲ್ಲಿ ತಾಯಿಗಿಂತ ದೊಡ್ಡದಾಗಿ ಬೆಳ್ಳಿ ಬೆನ್ನಿನ ಗಂಡು ಇದೆ. ರುವಾಂಡಾದ ಪರ್ವತ ಗೊರಿಲ್ಲಾಗಳ 50ಕ್ಕೂ ಹೆಚ್ಚು ವರ್ಷಗಳ ದಾಖಲೆ ನೋಡಿದ 2021ರ ಅಧ್ಯಯನದ ಪ್ರಕಾರ, ಎರಡು ವರ್ಷ ದಾಟಿದ ಮರಿ ತಾಯಿಯನ್ನು ಕಳೆದುಕೊಂಡರೂ ಗುಂಪಿನ ಉಳಿದವರಿಗೆ, ಅದರಲ್ಲೂ ಆ ಗಂಡಿಗೆ ಹತ್ತಿರವಾಗಿ ಬದುಕಿಕೊಳ್ಳುತ್ತದೆ. ಫ್ಲಿಂಟ್ ಪಕ್ಕದಲ್ಲಿ ಇಟ್ಟು ನೋಡಿದರೆ ಎಷ್ಟು ವ್ಯತ್ಯಾಸ, ಅಲ್ವಾ? ಬೆನ್ನಿಗೆ ಬೂದು ಬಣ್ಣದ ಹಳೇ ಧೋತರ ಸಾಕಾಯಿತು.

ಅಂಚಿನಲ್ಲಿ ನಮ್ಮ ಕರಿಮೂತಿ ಮುಸುವಗಳಿವೆ. ಅವು ಬಾಲ ಇರುವ ಮಂಗಗಳು, ಐದರ ಸಾಲಿಗೆ ಸೇರುವುದಿಲ್ಲ. ಆದರೆ ಧಾರವಾಡದಲ್ಲಿ ಹೊಲಿಯುವ ಕೌದಿಯಲ್ಲಿ ಅವಿಲ್ಲದಿದ್ದರೆ ಹೇಗೆ? ಮುಸುವದ ಮರಿ ಹುಟ್ಟುವಾಗ ಮೈ ಕಪ್ಪು, ಮುಖ ನಸುಗೆಂಪು. ಹುಟ್ಟಿದ ದಿನವೇ ತಾಯಿ ಅದನ್ನು ಬೇರೆ ಹೆಣ್ಣುಗಳ ಕೈಗೆ ಬಿಡುತ್ತಾಳೆ. ಮರಿ ಕಿರುಚುತ್ತಾ ಕೈಯಿಂದ ಕೈಗೆ ಹೋಗುತ್ತದೆ. ಪಕ್ಕದ ಮನೆಯವರು ಅದನ್ನು ನೋಡಿ "ಹಡದ ದಿನಾನ ಕೂಸನ್ನ ಮಂದಿ ಕೈಯಾಗ ಕೊಡ್ತಾಳಲ್ರೀ" ಅಂದರು. ಮಂದಿ ಅಂದರೆ ಅವಳ ಅವ್ವ, ಚಿಕ್ಕವ್ವ, ಅಕ್ಕತಂಗಿಯರೇ. ಮುಸುವದ ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ. ಅವಳಿಗೆ ಭಯ ಹೊರಗಿನ ಗಂಡಿನದು. ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮಾ 1962ರಲ್ಲಿ ಅದನ್ನು ಕಂಡಿದ್ದು ಇದೇ ಧಾರವಾಡದ ಕಾಡಿನಲ್ಲಿ. ಹಿಂಡಿಗೆ ನುಗ್ಗಿದ ಹೊಸ ಗಂಡು ಮರಿಗಳನ್ನು ಕಚ್ಚಿ ಕೊಂದಿತ್ತು. ಅವರೇ 1976ರಲ್ಲಿ ಆಫ್ರಿಕಾದ ಗಿನಿ ದೇಶದ ಬೊಸ್ಸುಗೆ ಹೋಗಿ ಚಿಂಪಾಂಜಿಗಳ ಅಧ್ಯಯನ ಶುರು ಮಾಡಿದರು. ನಮ್ಮೂರಿನ ಈ ಕಥೆ ಇಲ್ಲಿನ ಮಕ್ಕಳಿಗೆ ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ.

ಇನ್ನು ಬೊನೊಬೊ. ನಡುಬೈತಲೆಯ ತಾಯಿ, ಪಕ್ಕದಲ್ಲಿ ಪ್ರಾಯದ ಮಗ. ಇಲ್ಲಿ ಗಂಡುಮಕ್ಕಳು ದೊಡ್ಡವರಾದರೂ ತಾಯಿಯ ಜೊತೆಗೇ ಇರುತ್ತಾರೆ. ತಾಯಿ ಗುಂಪಿನಲ್ಲಿದ್ದರೆ ಮಗನಿಗೆ ಮರಿಗಳಾಗುವ ಸಾಧ್ಯತೆಯೂ ಜಾಸ್ತಿ. ಮೂರು ಮೈ ಒಂದೇ ಚೌಕದಲ್ಲಿ ಹಿಡಿಸಬೇಕು, ಅದಕ್ಕೆ ಕಾಗದದಲ್ಲಿ ಕತ್ತರಿಸಿ ನೋಡುತ್ತಿದ್ದೇನೆ. ಸಿಯಾಮಾಂಗ್ ಚೌಕದಲ್ಲಿ ಮರಿ ಅಪ್ಪನ ಮೈಮೇಲೆ ಇರುತ್ತದೆ, ಏಕೆಂದರೆ ಎರಡನೇ ವರ್ಷದಲ್ಲಿ ಹೊರುವ ಕೆಲಸ ಅವನದು. ಅವನ ಗಂಟಲಿನ ಉಬ್ಬಿದ ಚೀಲಕ್ಕೆ ಗುಳೇದಗುಡ್ಡದ ಖಣದ ತುಂಡು ತೆಗೆದಿಟ್ಟಿದ್ದೇನೆ.