ಡಾಕ್ಟ್ರಮ್ಮನ ಬುಲೆಟ್ಟು

ಪಾಂಡವಪುರ ಸೀಮೆಯ ಯಾವ ಹಳ್ಳಿಗೆ ಹೋದರೂ ನನಗೆ ಸಿಗುವ ಮೊದಲ ಪ್ರಶ್ನೆ ಹಸುವಿನದ್ದಲ್ಲ. "ಡಾಕ್ಟ್ರಮ್ಮ, ಕಾಲು ನೆಲಕ್ಕೆ ಎಟುಕ್ತದಾ?" ಅಂತ. ಎಟುಕುತ್ತೆ, ಒಂದು ಕಾಲು. ಅಷ್ಟೇ ಸಾಕು ಅಂದರೆ ಯಾರೂ ನಂಬಲ್ಲ. ನಮ್ಮ ಪಶುವೈದ್ಯ ಇಲಾಖೆಯ ಇಬ್ಬರು ಗೆಳತಿಯರು, ಇಬ್ಬರೂ ನನ್ನಷ್ಟೇ ಕುಳ್ಳು, ದೊಡ್ಡ ಗಾಡಿ ತಗೊಳ್ಳೋ ಯೋಚನೆಯಲ್ಲಿದ್ದಾರೆ. ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡ್ತಿದ್ದೀನಿ.

ನನ್ನ ಎತ್ತರ 5 ಅಡಿ 1 ಇಂಚು. ನಾನು ತಗೊಂಡ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟು ನೆಲದಿಂದ 805 ಮಿ.ಮೀ. ಮೇಲೆ, ತೂಕ 195 ಕೆಜಿ. ಕಂಪನಿಯವರು ಕ್ಲಾಸಿಕ್ ಅಂತ ಹೆಸರಿಟ್ಟಿದ್ದರೂ ನಮ್ಮ ಕಡೆ ಅದು ಬುಲೆಟ್ಟೇ, ನಾನೂ ಹಾಗೇ ಬರೀತೀನಿ. ಶೋರೂಮಿನಲ್ಲಿ ಹತ್ತಿ ಕೂತರೆ ಎರಡೂ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗ್ತಿತ್ತು. ಅಲ್ಲಿದ್ದ ಹುಡುಗ ಸಂಕೋಚದಿಂದಲೇ ಮೀಟಿಯರ್ ಕಡೆ ಕೈ ತೋರಿಸಿದ. ಅದರ ಸೀಟು 765, ತೂಕ 191. ಬುದ್ಧಿ ಇರೋರು ಅದನ್ನೇ ತಗೋತಾರೆ. ನನಗೆ ಕಾಲು ಮುಂದಕ್ಕೆ ಚಾಚಿಕೊಂಡು ಕೂರೋದು ಹಿಡಿಸಲಿಲ್ಲ. ಸುಮ್ಮನೆ ಇರಲಿ ಅಂತ ಪಕ್ಕದಲ್ಲಿದ್ದ ಸೂಪರ್ ಮೀಟಿಯರ್ 650 ಮೇಲೂ ಕೂತು ನೋಡಿದೆ. 241 ಕೆಜಿ, ಆದರೆ ಸೀಟು 740. ಅಂಗಾಲು ಪೂರ್ತಿ ನೆಲಕ್ಕೆ! ಬುಲೆಟ್ಟಿಗಿಂತ 46 ಕೆಜಿ ಹೆಚ್ಚಿರೋ ಗಾಡಿ, ಒಂಚೂರೂ ಹೆದರಿಕೆ ಆಗಲಿಲ್ಲ. ನಮ್ಮಂಥವರನ್ನ ಹೆದರಿಸೋದು ತೂಕ ಅಲ್ಲ, ಕಾಲಿಗೂ ನೆಲಕ್ಕೂ ನಡುವೆ ಇರೋ ಸಂದು ಅಂತ ಅಲ್ಲೇ ಗೊತ್ತಾಯ್ತು. ಎತ್ತರ ಒಂದೇ ನೋಡಿದರೂ ಸಾಲದು. ಸೀಟು ಅಗಲ ಇದ್ದರೆ ತೊಡೆ ಹೊರಕ್ಕೆ ಹೋಗಿ ಕಾಲು ಇನ್ನಷ್ಟು ಗಿಡ್ಡ ಆಗುತ್ತೆ. ಕಾಗದದ ಮೇಲಿನ ಅಂಕಿ ಬಿಟ್ಟು, ದಿನಾ ಹಾಕೋ ಶೂ ಹಾಕಿಕೊಂಡೇ ಹೋಗಿ ಕೂತು ನೋಡಿ.

ತೂಕಕ್ಕೆ ನಾನು ಹೆದರದೇ ಇರೋದಕ್ಕೆ ನನ್ನ ಕಸುಬೂ ಕಾರಣ ಇರಬೇಕು. ದಿನಾ ಮುಟ್ಟೋ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್) ಹಸುಗಳು ಬುಲೆಟ್ಟಿನ ಎರಡರಷ್ಟು ತೂಗ್ತವೆ. ಕೊಟ್ಟಿಗೆಯಲ್ಲಿ ಹಸುವನ್ನ ಪಕ್ಕಕ್ಕೆ ಸರಿಸಬೇಕಾದರೆ ತೋಳಿನ ಬಲ ಹಾಕಿ ತಳ್ಳಿದರೆ ಅದು ತಿರುಗಿ ನಮ್ಮ ಮೇಲೇ ವಾಲುತ್ತೆ. ಸೊಂಟ ಆನಿಸಿ, ಮೈಭಾರ ಬಿಟ್ಟು, ಅದಾಗೇ ಹೆಜ್ಜೆ ಎತ್ತಿಡೋವರೆಗೂ ಕಾಯಬೇಕು. ಗೇಟಿನಿಂದ ಬುಲೆಟ್ಟನ್ನ ಹೊರಗೆ ತರೋದೂ ಅದೇ ಥರ. ಎಡಗಡೆ ನಿಂತು, ಗಾಡಿಯನ್ನ ಒಂಚೂರು ನನ್ನ ಕಡೆಗೇ ವಾಲಿಸಿ, ಸೀಟಿನ ಅಂಚು ಸೊಂಟಕ್ಕೆ ತಾಗಿರೋ ಹಾಗೆ ನಡೆಯೋದು. ನೆಟ್ಟಗೆ ನಿಲ್ಲಿಸಿ ಕೈ ಚಾಚಿ ತಳ್ಳೋಕೆ ಹೋದರೆ ಅದು ಬಲಕ್ಕೆ ವಾಲಿದಾಗ ಹಿಡಿಯೋರೇ ಇರಲ್ಲ.

ಕಲಿಸಿದವರು ಮೈಸೂರಿನ ಒಬ್ಬ ಮೇಸ್ತ್ರಿ. ಯಾದವಗಿರಿಯ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ದುಡಿದವರು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಆ ಫ್ಯಾಕ್ಟರಿಯವರಿಗೆ ಬುಲೆಟ್ಟಿನ ಬಗ್ಗೆ ಒಂದು ತಾತ್ಸಾರ ಇದ್ದೇ ಇರುತ್ತೆ. "ನಮ್ಮ ರೋಡ್‌ಕಿಂಗ್ ಆಗಿದ್ರೆ ನಿಮಗೆ ಇಷ್ಟೆಲ್ಲ ಪಾಠ ಬೇಕಾಗ್ತಿರ್ಲಿಲ್ಲ ಮೇಡಂ" ಅಂತ ಗೊಣಗಿಕೊಂಡೇ ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನಕ್ಕೆ ಬರ್ತಿದ್ದರು. ಮೊದಲ ದಿನ ಇಂಜಿನ್ ಸ್ಟಾರ್ಟ್ ಮಾಡೋಕೇ ಬಿಡಲಿಲ್ಲ. ಬರೀ ತಳ್ಳಿಸಿದರು. ಆಮೇಲೆ ಹುಲ್ಲಿನ ಮೇಲೆ ಗಾಡಿಯನ್ನ ಬೇಕಂತಲೇ ಮಲಗಿಸಿ "ಈಗ ಎತ್ತಿ" ಅಂದರು.

ಎತ್ತೋ ಕ್ರಮ ಹೀಗೆ. ಮೊದಲು ಕಿಲ್ ಸ್ವಿಚ್ (ಇಂಜಿನ್ ಆರಿಸೋ ಗುಂಡಿ), ಆಮೇಲೆ ಕೀ. ಗಾಡಿ ಗೇರಿನಲ್ಲಿರಲಿ, ಇಲ್ಲಾಂದರೆ ಎತ್ತುವಾಗ ಉರುಳುತ್ತೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಕ್ಕೆ ಚಾಚಿಡಿ. ಎತ್ತಿದ ರಭಸಕ್ಕೆ ಆ ಕಡೆ ಬೀಳಲ್ಲ. ಹ್ಯಾಂಡಲ್ಲನ್ನ ನೆಲದ ಕಡೆಗೆ ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಕುಂಡಿ ಆನಿಸಿ ಕುಕ್ಕರುಗಾಲಲ್ಲಿ ಕೂರೋದು. ಒಂದು ಕೈಯಲ್ಲಿ ಕೆಳಗಿರೋ ಗ್ರಿಪ್, ಇನ್ನೊಂದು ಕೈಯಲ್ಲಿ ಹಿಂದಿನ ಕಂಬಿ. ಬೆನ್ನು ನೆಟ್ಟಗಿಟ್ಟು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆದರೆ ಗಾಡಿ ಏಳುತ್ತೆ. ಎತ್ತೋದು ತೊಡೆ, ಕೈಯಲ್ಲ. ಇದೊಂದು ಬಂದ ಮೇಲೆ ಅರ್ಧ ಭಯ ಹೋಯ್ತು. ಬಿದ್ದರೆ ಯಾರನ್ನೋ ಕೂಗಬೇಕಲ್ಲ ಅನ್ನೋ ನಾಚಿಕೆಯೇ ಆ ಅರ್ಧ. ಇದರ ಜೊತೆಗೇ ಮೇಸ್ತ್ರಿ ಹೇಳಿದ ಇನ್ನೊಂದು ಮಾತು: ಒಂದು ಮಟ್ಟ ಮೀರಿ ವಾಲಿದ ಮೇಲೆ ಹಿಡಿದು ನಿಲ್ಲಿಸೋಕೆ ಹೋಗಬಾರದು, ಕಾಲು ಎಳ್ಕೊಂಡು ಬಿಟ್ಟುಬಿಡಬೇಕು. ಲೆಗ್ ಗಾರ್ಡ್ ಹಾಕಿಸಿರೋದು ಅದಕ್ಕೇ. ಗಾರ್ಡ್ ಬಗ್ಗಿದರೆ ಹೊಸದು ಬರುತ್ತೆ, ಮಂಡಿ ಬರಲ್ಲ.

ಓಡಿಸೋದರ ಬಗ್ಗೆ ಹೆಚ್ಚು ಹೇಳೋಕೇನೂ ಇಲ್ಲ. ಓಡುವಾಗ ಬುಲೆಟ್ಟಿಗೆ ನನ್ನ ಕಾಲಿನ ಉದ್ದ ಗೊತ್ತಾಗಲ್ಲ. ಕಷ್ಟ ಇರೋದು ಆಳು ನಡೆಯೋ ವೇಗದಲ್ಲಿ, ಸಂತೆಯೊಳಗೆ, ಯು ಟರ್ನಲ್ಲಿ. ಅಲ್ಲಿ ಆಕ್ಸಿಲರೇಟರ್ ಒಂದೇ ಸಮ ಇಟ್ಟು, ಹಾಫ್ ಕ್ಲಚ್ಚಿನಲ್ಲಿ, ಹಿಂದಿನ ಬ್ರೇಕನ್ನ ಮೆಲ್ಲಗೆ ಒತ್ತಿಕೊಂಡೇ ಹೋದರೆ ಗಾಡಿ ಅಲ್ಲಾಡದೆ ಸಾಗುತ್ತೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬಾರದು. ನಿಂತ ಜಾಗದಲ್ಲೇ ಗಾಡಿ ಮಗ್ಗುಲಿಗೆ ಮಲಗೋದು ಹೆಚ್ಚಾಗಿ ಹೀಗೇ.

ಮುಖ್ಯ ವಿಷಯ ನಿಲ್ಲಿಸೋದು. ಎತ್ತರ ಇರೋರು ಎಲ್ಲಿ ಬೇಕಾದರೂ ನಿಲ್ಲಿಸಿ ಆಮೇಲೆ ನೆಲ ನೋಡ್ತಾರೆ. ನಾವು ಮೊದಲು ನೆಲ ನೋಡಬೇಕು. ನಾನು ನಿಲ್ಲೋ ಮುಂಚೆಯೇ ಸೀಟಿನ ಮೇಲೆ ಒಂಚೂರು ಎಡಕ್ಕೆ ಜಾರಿ, ಎಡಗಾಲನ್ನ ಪೂರ್ತಿ ಊರ್ತೀನಿ, ಬಲಗಾಲು ಬ್ರೇಕಿನ ಮೇಲೇ ಇರುತ್ತೆ. (ಹಳೇ ಬುಲೆಟ್ಟುಗಳಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ ಇರ್ತಿತ್ತು. ನನ್ನಂಥವರು ಅದನ್ನ ಹೇಗೆ ಓಡಿಸ್ತಿದ್ದರೋ!) ಆದರೆ ನಮ್ಮ ರಸ್ತೆ ನಡುವೆ ಉಬ್ಬಿ ಎಡಕ್ಕೆ ಇಳಿಜಾರು. ತೀರಾ ಅಂಚಿಗೆ ಹೋದಷ್ಟೂ ನೆಲ ಕಾಲಿನಿಂದ ದೂರ ಹೋಗುತ್ತೆ. ಡಾಂಬರು ಮುಗಿದು ಮಣ್ಣು ಗೇಣುದ್ದ ತಗ್ಗಿರೋ ಕಡೆಯಂತೂ ಊರಿದ ಕಾಲು ಗಾಳಿಯಲ್ಲೇ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲಿನ ರಸ್ತೆಯಲ್ಲಿ ಫೋನ್ ಬಂದರೂ ನಾನು ನಿಲ್ಲಿಸಲ್ಲ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಈ ಕಡೆಯವರಿಗೆ ನಾಲೆ ಅಂಚು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಸುಗ್ಗಿ ಕಾಲದಲ್ಲಿ ಇನ್ನೊಂದು ಪರೀಕ್ಷೆ. ರಾಗಿ, ಹುರುಳಿ ಎಲ್ಲ ರಸ್ತೆ ಮೇಲೇ ಒಕ್ಕಣೆಗೆ ಹಾಸಿರ್ತಾರೆ. ಚಕ್ರ ಹೇಗೋ ದಾಟುತ್ತೆ. ಅದರ ಮೇಲೆ ನಿಲ್ಲಿಸಿ ತುದಿಗಾಲು ಊರಿದರೆ ಮುಗೀತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳ್ಕೊಂಡು ಬರೋದು ಕಂಡರೆ ನಾನು ಒಕ್ಕಣೆಗೆ ಮುಂಚೆಯೇ, ಬರಿ ಡಾಂಬರು ಇರೋ ಕಡೆ ನಿಂತು ದಾರಿ ಬಿಡ್ತೀನಿ. ಹಿಂದಿನವರು ಹಾರ್ನ್ ಹೊಡೀಲಿ ಬಿಡಿ.

ರೈತರ ಮನೆ ಅಂಗಳಕ್ಕೂ ಗಾಡಿ ತಗೊಂಡು ಹೋಗಲ್ಲ. ಗಂಜಲ ಹರಿದ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಹೂತುಹೋಗುತ್ತೆ, ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ಎಳೆಯೋಕೆ ನಾಲ್ಕು ಜನ ಬೇಕು. ಬೀದಿಯಲ್ಲೇ, ಮುಂದಿನ ಚಕ್ರ ದಿಬ್ಬದ ಕಡೆಗೆ ಅಥವಾ ದಾರಿ ಕಡೆಗೆ ಇರೋ ಹಾಗೆ ನಿಲ್ಲಿಸಿ ಔಷಧಿ ಪೆಟ್ಟಿಗೆ ಹೊತ್ತು ನಡೀತೀನಿ. ಸ್ಟ್ಯಾಂಡಿನ ಕೆಳಗಿಡೋಕೆ ಒಂದು ಹಲಗೆ ತುಂಡು ಪೆಟ್ಟಿಗೆಯಲ್ಲೇ ಇದೆ.

ಪೆಟ್ರೋಲ್ ಬಂಕೂ ಅಷ್ಟು ಒಳ್ಳೆ ಜಾಗ ಅಲ್ಲ. ಕಾಲಿಡೋ ಕಡೆಯೇ ಎಣ್ಣೆ ಜಿಡ್ಡು. ಟ್ಯಾಂಕು 13 ಲೀಟರ್, ತುಂಬಿಸಿದರೆ ಒಂಬತ್ತೂವರೆ ಕೆಜಿಯ ಹತ್ತಿರ ಭಾರ, ಅದೂ ಗಾಡಿಯ ನೆತ್ತಿ ಮೇಲೆ. ಕಲಿಯೋ ದಿನಗಳಲ್ಲಿ ಅರ್ಧ ಟ್ಯಾಂಕ್ ಮೇಲೆ ಹಾಕಿಸಬೇಡಿ ಅಂತ ಮೇಸ್ತ್ರಿ ಹೇಳಿದ್ದು ಸರಿಯಾಗೇ ಇತ್ತು.

ಗಾಡಿಗೆ ಮಾಡಿಸಿದ ಬದಲಾವಣೆ ಸ್ವಲ್ಪವೇ. ಸೀಟಿನ ಫೋಮನ್ನ ಮುಂದುಗಡೆ ತೊಡೆ ಇಳಿಯೋ ಜಾಗದಲ್ಲಿ ಕೆತ್ತಿಸಿದೆ, ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಪ್ರೀಲೋಡನ್ನ (ಸ್ಪ್ರಿಂಗಿನ ಬಿಗಿಯನ್ನ) ಕಡಿಮೆ ಮಾಡಿಸಿದೆ. ದಪ್ಪ ಅಟ್ಟೆಯ ಶೂ ಹಾಕ್ತೀನಿ. ಇಡೀ ಗಾಡಿಯನ್ನೇ ತಗ್ಗಿಸಿಕೊಡ್ತೀವಿ ಅನ್ನೋರೂ ಸಿಕ್ಕರು. ಬೇಡ ಅಂದೆ. ನಮ್ಮ ಊರಿನವರು ಮನೆಗೊಂದು ಹಂಪ್ ಹಾಕಿಕೊಂಡಿದ್ದಾರೆ, ಅವುಗಳ ಮೇಲೆ ಗಾಡಿಯ ಹೊಟ್ಟೆ ಉಜ್ಜಿಕೊಂಡು ಹೋಗೋದು ಯಾರಿಗೆ ಬೇಕು.

ಮೈಸೂರಿಗೆ ಹೋಗೋದಾದರೆ ಸರ್ವಿಸ್ ರಸ್ತೆಯೇ ಗತಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡಲ್ಲ. ಮೊದಮೊದಲು ನಾನೂ ಬೈದುಕೊಂಡೆ. ಆದರೆ ಅಂಡರ್‌ಪಾಸಿನ ಏರಿನಲ್ಲಿ ನಿಂತು ಹೊರಡೋ ಅಭ್ಯಾಸ ನನಗೆ ಆಗಿದ್ದೇ ಅಲ್ಲಿ. ಬಲಗಾಲಲ್ಲಿ ಬ್ರೇಕ್ ಒತ್ತಿಹಿಡಿದು, ಕ್ಲಚ್ ಬಿಡ್ತಾ ಗಾಡಿ ಮುಂದಕ್ಕೆ ಜಗ್ಗೋದು ಗೊತ್ತಾದ ಮೇಲಷ್ಟೇ ಬ್ರೇಕ್ ಬಿಡೋದು.

ಇನ್ನು ಹಿಂದೆ ಕೂರಿಸಿಕೊಳ್ಳೋದು. ನಮ್ಮತ್ತೆಗೆ ಮೇಲುಕೋಟೆಗೆ ಹೋಗಬೇಕು, ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರೋರು. ಹಿಂದೆ ಒಬ್ಬರು ಕೂತರೆ ಸೀಟು ಒಂಚೂರು ತಗ್ಗಿ ನನ್ನ ಕಾಲು ಇನ್ನೂ ಚೆನ್ನಾಗಿ ಊರುತ್ತೆ, ಅದು ಲಾಭವೇ. ಆದರೆ ಹತ್ತುವಾಗ, ಇಳಿಯುವಾಗ ಅವರ ಭಾರ ಪೂರ್ತಿ ಎಡಕ್ಕೆ ಎಳೆಯುತ್ತೆ. ಉಪಾಯ ಕಂಡಿದ್ದು ಮನೆ ಜಗಲಿಯಲ್ಲಿ. ಗಾಡಿಯನ್ನ ಜಗಲಿಗೆ ಒತ್ತಿ ನಿಲ್ಲಿಸಿ ನಾನು ಎಡಗಾಲನ್ನ ಅದರ ಮೇಲೇ ಇಡ್ತೀನಿ, ಅತ್ತೆ ಜಗಲಿ ಮೇಲಿಂದ ಸಲೀಸಾಗಿ ಕೂರ್ತಾರೆ. ಇಳಿಯೋಕೂ ಅಂಥದ್ದೇ ಒಂದು ಕಟ್ಟೆ ಬೇಕಲ್ಲ, ಅದನ್ನ ಹುಡುಕೋ ಕೆಲಸ ಈಗ ಅತ್ತೆಯದ್ದು. ಮೇಲುಕೋಟೆ ದಾರಿಯ ಪ್ರತಿ ಅರಳಿಕಟ್ಟೆ, ಡೈರಿ ಮೆಟ್ಟಿಲು ಅವರಿಗೆ ಬಾಯಿಪಾಠ. ನಾನು ಬ್ರೇಕ್ ಒತ್ತೋಕೆ ಮುಂಚೆಯೇ ಬೆನ್ನಿಗೆ ತಿವಿದು, "ಅಗೋ ಅಲ್ಲಿ ಕಟ್ಟೆ ಅದೆ, ಅಲ್ಲಿ ನಿಲ್ಸವ್ವ, ಕಾಫಿ ಕುಡ್ಕೊಂಡು ಹೋಗದು" ಅಂತಾರೆ.