ಡಬಲ್ಸ್ ಸುದ್ದಿಯಲ್ಲಿ ಜೊತೆಗಾರನ ಹೆಸರು

ಕ್ರೀಡಾ ಡೆಸ್ಕಿನಲ್ಲಿ ಉಪಸಂಪಾದಕನಾಗಿರುವವನಿಗೆ ಟೆನಿಸ್ ಡಬಲ್ಸ್ ಸುದ್ದಿ ತಲೆಬರಹದಲ್ಲಿಯೇ ತೊಡಕು ತರುತ್ತದೆ: ಜಾಗ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದು ಜೊತೆಗಾರನ ಹೆಸರಿಗೆ. ಆ ಹೆಸರು ಬಿಟ್ಟುಹೋದರೆ ಆಟಗಾರನ ಏರಿಳಿತಕ್ಕೆ ಕಾರಣವೇ ಸಿಗುವುದಿಲ್ಲವೆಂಬುದನ್ನು ನಾನು ಕಲಿತದ್ದು ರೋಹನ್ ಬೋಪಣ್ಣ ಅವರ ಕುರಿತ ಕಾಪಿಗಳನ್ನು ತಿದ್ದುತ್ತಾ.

2010ರ ಅಮೆರಿಕ ಓಪನ್ ಫೈನಲ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಆಡಿ, ಎರಡೂ ಸೆಟ್‌ಗಳನ್ನು ಟೈಬ್ರೇಕ್‌ನಲ್ಲಿ ಬ್ರಯಾನ್ ಸಹೋದರರಿಗೆ ಒಪ್ಪಿಸಿದ ಬೋಪಣ್ಣ ಅವರಿಗೆ ಮೊದಲ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ದೊರೆತದ್ದು 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ, ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆಗೆ. ಸ್ಕೋರು 2–6, 6–2, 12–10. ಕೊನೆಯ ಅಂಕಿಯನ್ನು ವಿವರಿಸದೆ ಬಿಟ್ಟರೆ ಓದುಗರು ಅದನ್ನು ಇಪ್ಪತ್ತೆರಡು ಗೇಮ್‌ಗಳ ಸೆಟ್ ಎಂದೇ ತಿಳಿಯುತ್ತಾರೆ. ಅದು ಮೂರನೇ ಸೆಟ್‌ನ ಬದಲಿಗೆ ಆಡಿಸುವ, ಹತ್ತು ಪಾಯಿಂಟ್ ಮುಟ್ಟಿ ಎರಡರ ಅಂತರ ಸಾಧಿಸಬೇಕಾದ ಮ್ಯಾಚ್ ಟೈಬ್ರೇಕ್.

ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿದ ಮೇಲಿನ ಸುದ್ದಿಗಳಲ್ಲಿ ವಯಸ್ಸೇ ಎಲ್ಲವನ್ನೂ ಆವರಿಸಿತು. 2023ರಲ್ಲಿ ಇಂಡಿಯನ್ ವೆಲ್ಸ್ ಗೆದ್ದ ಈ ಜೋಡಿ, ಅದೇ ವರ್ಷ ಅಮೆರಿಕ ಓಪನ್ ಫೈನಲ್‌ನಲ್ಲಿ ಸೋತು, 2024ರ ಜನವರಿಯಲ್ಲಿ ಇಟಲಿಯ ಬೊಲೆಲ್ಲಿ ಮತ್ತು ವವಸೋರಿ ಅವರನ್ನು 7–6, 7–5ರಿಂದ ಮಣಿಸಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಕಿರೀಟ ಧರಿಸಿತು. ನಲವತ್ಮೂರರಲ್ಲಿ ಡಬಲ್ಸ್ ರ‍್ಯಾಂಕಿಂಗ್‌ನ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ಎಂಬುದು ಸುಲಭವಾದ ತಲೆಬರಹ, ಆದರೆ ನನ್ನ ದೃಷ್ಟಿಯಲ್ಲಿ ಅದು ಏನನ್ನೂ ವಿವರಿಸುವುದಿಲ್ಲ. ತಮ್ಮ ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿದೆಯೆಂದೂ ಅಯ್ಯಂಗಾರ್ ಯೋಗ ನೆರವಾಯಿತೆಂದೂ ಬೋಪಣ್ಣ ಅವರೇ ಹೇಳಿಕೊಂಡಿದ್ದಾರೆ. ಅದರ ಜೊತೆಗೆ ಡಬಲ್ಸ್‌ನ ರಚನೆಯನ್ನೂ ಹೇಳಬೇಕು: ಅಂಗಣದ ಅರ್ಧ ಭಾಗವನ್ನು ಮತ್ತೊಬ್ಬರು ಕಾಯುವುದರಿಂದ ಬಲವಾದ ಸರ್ವ್ ಉಳ್ಳವರು ಕಡಿಮೆ ಓಡಿ ಪಾಯಿಂಟ್ ಗಳಿಸಬಹುದು. ಪುರುಷರ ವೃತ್ತಿಪರ ಟೆನಿಸ್ ಸರಣಿಯಾದ ಎಟಿಪಿ ಟೂರ್‌ನ ಸಾಮಾನ್ಯ ಟೂರ್ನಿಗಳಲ್ಲಿ 40–40 ಆದಾಗ ಒಂದೇ ಪಾಯಿಂಟ್ ಗೇಮನ್ನು ತೀರ್ಮಾನಿಸುತ್ತದೆ, ಮತ್ತು ಆ ಸರ್ವ್ ಎದುರಿಸುವವರು ಯಾರೆಂಬುದನ್ನು ಸ್ವೀಕರಿಸುವ ಜೋಡಿಯೇ ಆರಿಸಿಕೊಳ್ಳುತ್ತದೆ. ಅಂತಹ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತವರು ಯಾರೆಂಬುದೇ ಫಲಿತಾಂಶಕ್ಕೆ ಕಾರಣವಾಗಬಲ್ಲದು. ರ‍್ಯಾಂಕಿಂಗ್ ಮಾತ್ರ ಜೋಡಿಯದ್ದಲ್ಲ. ಅದನ್ನು ಪ್ರತಿ ಆಟಗಾರನಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ, ಜೊತೆಗಾರನ ಹೆಸರು ಬಿಟ್ಟರೂ ನಡೆಯುತ್ತದೆಂಬ ಗೊಂದಲದ ಮೂಲವೂ ಬಹುಶಃ ಇದೇ.

2025ರ ನವೆಂಬರ್ 1ರಂದು ಅವರು ನಿವೃತ್ತಿ ಘೋಷಿಸಿದಾಗ, ವಿಶೇಷ ಪುಟಕ್ಕೆ ಪ್ರಶಸ್ತಿಗಳ ಪಟ್ಟಿಯ ಬದಲು ಜೊತೆಗಾರರ ಕಾಲಾನುಕ್ರಮವನ್ನು ಹಾಕಬೇಕೆಂದು ಪಟ್ಟು ಹಿಡಿದೆ. 2018ರ ಏಷ್ಯನ್ ಗೇಮ್ಸ್ ಚಿನ್ನ ದಿವಿಜ್ ಶರಣ್ ಅವರ ಸಾಲಿಗೆ, 2023ರದು ರುತುಜಾ ಭೋಸಲೆ ಅವರ ಸಾಲಿಗೆ ಸೇರಿತು. ಅಂತಿಮ ಟೂರ್ನಿಯಾದ ಪ್ಯಾರಿಸ್ ಮಾಸ್ಟರ್ಸ್‌ಗೆ ಅಲೆಕ್ಸಾಂಡರ್ ಬುಬ್ಲಿಕ್ ಅವರ ಹೆಸರು ಬಂದಿತು.